ದುಡ್ಡು ಯಾರದು, ಮಾತು ಯಾರದು

2016ರ ನವೆಂಬರ್‌ನಲ್ಲಿ ಅಮೆರಿಕದ ಅರಿಝೋನಾ ರಾಜ್ಯದ ಮತದಾರರ ಮುಂದೆ 205ನೇ ಪ್ರಸ್ತಾವ ಬಂದಿತ್ತು. ವಯಸ್ಕರು ಗಾಂಜಾ ಸೇದುವುದನ್ನು, ಅಂಗಡಿಯಲ್ಲಿ ಮಾರುವುದನ್ನು ಕಾನೂನು ಒಪ್ಪಬೇಕೇ ಬೇಡವೇ ಎಂಬುದು ಪ್ರಶ್ನೆ. ಮತದಾನಕ್ಕೆ ಎರಡು ತಿಂಗಳು ಬಾಕಿಯಿರುವಾಗ ಬೇಡವೆನ್ನುವವರ ಸಮಿತಿಗೆ ಒಂದೇ ಕಡೆಯಿಂದ 5 ಲಕ್ಷ ಡಾಲರ್ ಬಂತು. ಕೊಟ್ಟದ್ದು ಅದೇ ರಾಜ್ಯದ ಚಾಂಡ್ಲರ್ ಊರಿನ ಇನ್‌ಸಿಸ್ ಥೆರಪ್ಯೂಟಿಕ್ಸ್ ಎಂಬ ಔಷಧ ಕಂಪನಿ. ಈ ಪ್ರಸ್ತಾವ ರಾಜ್ಯದ ಜನರನ್ನು, ಅದರಲ್ಲೂ ಮಕ್ಕಳನ್ನು ಕಾಪಾಡುವುದಿಲ್ಲ, ಅದಕ್ಕಾಗಿ ಕೊಟ್ಟೆವು ಎಂದು ಕಂಪನಿ ಕಾರಣ ಹೇಳಿತು.

ಇನ್‌ಸಿಸ್‌ಗೆ ಹಣ ತರುತ್ತಿದ್ದ ಮುಖ್ಯ ಸರಕು ಸಬ್ಸಿಸ್. ಅದು ನಾಲಗೆಯಡಿ ಸಿಂಪಡಿಸಿಕೊಳ್ಳುವ ಫೆಂಟನಿಲ್, ಮಾರ್ಫಿನ್‌ಗಿಂತ ಹತ್ತಾರು ಪಟ್ಟು ತೀಕ್ಷ್ಣವಾದ ಔಷಧ. ನೋವಿನ ಮದ್ದು ತೆಗೆದುಕೊಳ್ಳುತ್ತಿದ್ದರೂ ನಡುನಡುವೆ ಉಕ್ಕಿ ಬರುವ ಕ್ಯಾನ್ಸರ್ ನೋವಿಗೆಂದು ಅದಕ್ಕೆ ಅನುಮತಿ ಸಿಕ್ಕಿತ್ತು. ಅದೇ 2016ರ ಜುಲೈನಲ್ಲಿ ಕಂಪನಿಯ ಇನ್ನೊಂದು ಔಷಧಕ್ಕೂ ಒಪ್ಪಿಗೆ ಬಂತು. ಅದರ ಹೆಸರು ಸಿಂಡ್ರಾಸ್. ಗಾಂಜಾದಲ್ಲಿ ಮತ್ತು ಬರಿಸುವ ಟಿಎಚ್‌ಸಿ ಅಂಶವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ದ್ರವರೂಪದಲ್ಲಿ ಕೊಡುವ ಮದ್ದು ಅದು. ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕರೆ ಇಂಥ ಔಷಧದ ಮಾರುಕಟ್ಟೆ ಕುಗ್ಗುತ್ತದೆ ಎಂದು ಹೂಡಿಕೆದಾರರಿಗಾಗಿ ಸಲ್ಲಿಸಿದ ದಾಖಲೆಯಲ್ಲಿ ಕಂಪನಿ ತಾನೇ ಬರೆದಿತ್ತು. ಪ್ರಸ್ತಾವ ಸೋತಿತು, ವಿರೋಧಕ್ಕೆ ಬಿದ್ದದ್ದು ಶೇ 51ರಷ್ಟು ಮತ. ಮೂರು ವರ್ಷ ಕಳೆಯುವುದರೊಳಗೆ, 2019ರ ಮೇನಲ್ಲಿ, ಕಂಪನಿಯ ಸ್ಥಾಪಕ, ಅಮೃತಸರದಲ್ಲಿ ಹುಟ್ಟಿದ ಜಾನ್ ಕಪೂರ್ ಅಪರಾಧಿಯೆಂದು ತೀರ್ಪಾಯಿತು. ಸಬ್ಸಿಸ್ ಬರೆದುಕೊಡಲು ವೈದ್ಯರಿಗೆ ಲಂಚ ಕೊಟ್ಟ ಸಂಚು ಅದು. ಮರುವರ್ಷ ಅವರಿಗೆ 66 ತಿಂಗಳ ಸೆರೆವಾಸ ವಿಧಿಸಲಾಯಿತು. ಅದೇ 2020ರ ನವೆಂಬರ್‌ನಲ್ಲಿ ಅರಿಝೋನಾ ಮತ್ತೆ ಮತ ಹಾಕಿತು. ಈ ಸಲ ಶೇ 60ರಷ್ಟು ಜನ ಗಾಂಜಾ ಪರ ನಿಂತರು.

ಇದನ್ನು ಕೇಳಿದವರಿಗೆ ಸಿಟ್ಟು ಬರುವುದು ಸಹಜ, ನ್ಯಾಯವೂ ಹೌದು. ಫೆಂಟನಿಲ್ ಮಾರುವವರು ಗಾಂಜಾದಿಂದ ಮಕ್ಕಳನ್ನು ಉಳಿಸಲು ಹೊರಟಿದ್ದರು. ಆದರೆ ಸಿಟ್ಟು ಇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಲಾಭದ ಆಸೆಯಿಂದ ಹೇಳಿದ ಮಾತ್ರಕ್ಕೆ ಹೇಳಿದ ಮಾತು ಸುಳ್ಳಾಗುತ್ತದೆಯೇ? ಬೆಳೆಯುವ ವಯಸ್ಸಿನ ಮಿದುಳಿಗೆ ಗಾಂಜಾ ಒಳ್ಳೆಯದಲ್ಲ ಎನ್ನುವ ಎಷ್ಟೋ ವೈದ್ಯರು ಆ ಕಂಪನಿಯಿಂದ ಬಿಡಿಗಾಸನ್ನೂ ಮುಟ್ಟಿದವರಲ್ಲ. ಅವರು ಹೇಳುವುದೂ ಇನ್‌ಸಿಸ್ ಹಣದಲ್ಲಿ ಪ್ರಸಾರವಾದ ಮಾತೂ ಒಂದೇ ಆಗಿದ್ದರೆ, ಒಂದನ್ನು ನಿಜವೆಂದು ಒಪ್ಪಿ ಇನ್ನೊಂದನ್ನು ಸುಳ್ಳೆಂದು ತಳ್ಳಲು ಬರುವುದಿಲ್ಲ. ಮಾತಿನ ಹುಟ್ಟು ನೋಡಿ ಮಾತಿನ ಬೆಲೆ ಕಟ್ಟಬಾರದು ಎಂದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ.

ಆ ಪಾಠ ಸರಿ. ಆದರೆ ಅದು ಎಲ್ಲ ಸಂದರ್ಭಕ್ಕೂ ಸಲ್ಲುವುದಿಲ್ಲ. ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ನಮ್ಮ ನ್ಯಾಯದರ್ಶನದ ನೈಯಾಯಿಕರು ಬಹಳ ಹಿಂದೆಯೇ ಬೇರೆ ಬೇರೆಯಾಗಿ ನೋಡಿದ್ದರು. ಅವರ ಪ್ರಕಾರ ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನ ಒಂದು ಪ್ರಮಾಣ, ನಂಬಲರ್ಹನ ಮಾತಾದ ಶಬ್ದ ಇನ್ನೊಂದು ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಾಣಿಸಿ ಅಲ್ಲಿ ಬೆಂಕಿಯಿದೆಯೆಂದು ಒಬ್ಬ ತೋರಿಸಿಕೊಟ್ಟರೆ ಅವನು ಕಳ್ಳನಾದರೂ ಸರಿಯೇ, ಹೊಗೆ ನಮ್ಮ ಕಣ್ಣಿಗೂ ಕಾಣುತ್ತದೆ. ಕಾಣದ ಊರಿನ ಸಂಗತಿಯನ್ನು ಅವನ ಬಾಯಿಂದಲೇ ಕೇಳಿ ನಂಬಬೇಕಾದಾಗ ಮಾತ್ರ ಅವನು ಎಂಥವನು ಎಂಬುದೇ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ನಂಬಲರ್ಹನಾದ ಆಪ್ತನಿಗೆ ಎರಡು ಲಕ್ಷಣ ಹೇಳುತ್ತಾನೆ: ವಿಷಯವನ್ನು ಅವನು ನೇರವಾಗಿ ಬಲ್ಲವನಾಗಿರಬೇಕು; ಬಲ್ಲದ್ದನ್ನು ಇದ್ದ ಹಾಗೆ ತಿಳಿಸುವ ಇಚ್ಛೆ ಅವನಿಗಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದೇ ಲಕ್ಷಣ ಎಂದು ಅವನು ಬಿಡಿಸಿ ಹೇಳಿದ್ದಾನೆ. ಹುಟ್ಟಾಗಲಿ ಪೀಠವಾಗಲಿ ಲೆಕ್ಕಕ್ಕಿಲ್ಲ. ತಿಳಿವು ಮತ್ತು ಉದ್ದೇಶ ಎರಡೇ ಲೆಕ್ಕಕ್ಕೆ.

ಚುನಾವಣೆಯ ಹೊತ್ತಿನ ಮತದಾರ ಇರುವುದು ಈ ಎರಡನೆಯ ಸ್ಥಿತಿಯಲ್ಲಿ. ಟಿಎಚ್‌ಸಿ ಮಿದುಳಿಗೆ ಏನು ಮಾಡುತ್ತದೆಂದು ಅವನು ಪರೀಕ್ಷೆ ಮಾಡಲಾರ. ಗಾಂಜಾವನ್ನು ಮೊದಲೇ ಸಕ್ರಮಗೊಳಿಸಿದ ಕೊಲರಾಡೊದಲ್ಲಿ ರಸ್ತೆ ಅಪಘಾತ ಹೆಚ್ಚಿತೋ ಇಲ್ಲವೋ ಎಂದು ಸ್ವತಃ ಎಣಿಸಲಾರ. ಅವನಿಗೆ ಸಿಗುವುದು ಮೂವತ್ತು ಸೆಕೆಂಡಿನ ಟಿವಿ ಜಾಹೀರಾತು, ಅಂಚೆಯಲ್ಲಿ ಬರುವ ಬಣ್ಣದ ಚೀಟಿ, ಬಿಳಿ ಕೋಟು ತೊಟ್ಟ ಯಾರೋ ಒಬ್ಬರ ಮುಖ. ಬರೀ ಮಾತನ್ನೇ ನಂಬಿ ತೀರ್ಮಾನಿಸಬೇಕಾದವನು ಮಾತಿನ ಹಿಂದಿನ ಹಣ ಯಾರದೆಂದು ಕೇಳಿದರೆ ಅದು ತರ್ಕದೋಷವಲ್ಲ. ಅವನ ಕೈಲಿರುವ ಪರೀಕ್ಷೆ ಅದೊಂದೇ.

1987ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ಒಂದು ಜಾಹೀರಾತನ್ನು ಆ ಕಾಲದ ಜನ ಇಂದಿಗೂ ಮರೆತಿಲ್ಲ. ಒಬ್ಬಾತ ಕೈಯಲ್ಲಿ ಕೋಳಿಮೊಟ್ಟೆ ಹಿಡಿದು ತೋರಿಸುತ್ತಾನೆ: ಇದು ನಿಮ್ಮ ಮಿದುಳು. ಕಾದ ಬಾಣಲೆ ತೋರಿಸುತ್ತಾನೆ: ಇದು ಮಾದಕ ವಸ್ತು. ಮೊಟ್ಟೆ ಒಡೆದು ಬಾಣಲೆಗೆ ಬಿಡುತ್ತಾನೆ. ಚುರ್ ಎಂದು ಬಿಳಿಭಾಗ ಅಂಚಿನಿಂದ ಗಟ್ಟಿಯಾಗುತ್ತ ಬರುತ್ತದೆ. ಪ್ರಶ್ನೆಯಿದ್ದರೆ ಕೇಳಿ ಎನ್ನುವಷ್ಟರಲ್ಲಿ ಮುಗಿಯುತ್ತದೆ. ಯಾವ ಮಾದಕ ವಸ್ತು, ಎಷ್ಟು ಪ್ರಮಾಣ, ಯಾವ ವಯಸ್ಸು ಎಂಬುದೊಂದೂ ಅಲ್ಲಿಲ್ಲ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ದೃಷ್ಟಾಂತವಿದೆ, ಹೇತುವಿಲ್ಲ. ಇದನ್ನು ಮಾಡಿಸಿದ್ದು ಪಾರ್ಟ್‌ನರ್‌ಶಿಪ್ ಫಾರ್ ಎ ಡ್ರಗ್-ಫ್ರೀ ಅಮೆರಿಕ ಎಂಬ ಸಂಸ್ಥೆ. ಆ ಸಂಸ್ಥೆ 1997ರವರೆಗೂ ತಂಬಾಕು ಮತ್ತು ಮದ್ಯದ ಕಂಪನಿಗಳಿಂದ ದೇಣಿಗೆ ಪಡೆಯುತ್ತಿತ್ತು. ಸಿಗರೇಟಿನಿಂದ ಅಮೆರಿಕದಲ್ಲಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಆ ಬಾಣಲೆಯ ಕೆಳಗಿನ ಬೆಂಕಿಗೆ ಸಿಗರೇಟು ಮಾರಿದ ಹಣವೂ ಸೇರಿತ್ತೆಂದು ನೋಡಿದ ಮಕ್ಕಳಿಗಾಗಲಿ ತಾಯ್ತಂದೆಗಳಿಗಾಗಲಿ ತಿಳಿದಿದ್ದರೆ, ಯಾವ ಮಾದಕ ವಸ್ತುವನ್ನು ತೋರಿಸದೆ ಬಿಟ್ಟಿದ್ದಾರೆ ಎಂಬ ಪ್ರಶ್ನೆಯಾದರೂ ಏಳುತ್ತಿತ್ತು.

ಹಾಗೆಂದು ಗಾಂಜಾ ವಿರೋಧಕ್ಕೆ ಹೋದ ಹಣವೆಲ್ಲ ಇಂಥದೇ ಎಂದುಕೊಂಡರೆ ತಪ್ಪಾಗುತ್ತದೆ. ದಶಕವೊಂದರಲ್ಲಿ ಎಲ್ಲರಿಗಿಂತ ದೊಡ್ಡ ಚೆಕ್‌ಗಳನ್ನು ಬರೆದವರು ಶೆಲ್ಡನ್ ಅಡೆಲ್ಸನ್. ಲಾಸ್ ವೇಗಸ್ ಸ್ಯಾಂಡ್ಸ್ ಜೂಜುಕಟ್ಟೆಗಳ ಒಡೆಯ, 2021ರ ಜನವರಿಯಲ್ಲಿ ತೀರಿಕೊಂಡರು. 2014ರಲ್ಲಿ ಫ್ಲೋರಿಡಾದಲ್ಲಿ ವೈದ್ಯಕೀಯ ಗಾಂಜಾ ತಡೆಯಲು ಅವರೊಬ್ಬರೇ 55 ಲಕ್ಷ ಡಾಲರ್ ಕೊಟ್ಟರು. ಆ ರಾಜ್ಯದಲ್ಲಿ ಸಂವಿಧಾನ ತಿದ್ದಲು ಶೇ 60ರಷ್ಟು ಮತ ಬೇಕು. ಪ್ರಸ್ತಾವಕ್ಕೆ ಬಂದದ್ದು ಶೇ 58ರ ಹತ್ತಿರ. 2015ರ ಡಿಸೆಂಬರ್‌ನಲ್ಲಿ ಅವರ ಕುಟುಂಬ ನೆವಾಡಾದ ದೊಡ್ಡ ಪತ್ರಿಕೆ ಲಾಸ್ ವೇಗಸ್ ರಿವ್ಯೂ-ಜರ್ನಲ್ ಅನ್ನು ಕೊಂಡಿತು. ಗಾಂಜಾ ಪರವಾಗಿ ಬರೆಯುತ್ತಿದ್ದ ಆ ಪತ್ರಿಕೆಯ ಸಂಪಾದಕೀಯ 2016ರಲ್ಲಿ ವಿರುದ್ಧ ದಿಕ್ಕಿಗೆ ತಿರುಗಿತು.

ಜೂಜಿನ ಹಣದಿಂದ ಗಾಂಜಾ ವಿರೋಧ! ಇಷ್ಟು ಕೇಳಿದರೆ ಸಾಕು, ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಆದರೆ ಅಡೆಲ್ಸನ್‌ರ ಒಬ್ಬ ಮಗ 2005ರಲ್ಲಿ ಮಾದಕ ವಸ್ತು ವಿಪರೀತವಾಗಿ ಸತ್ತಿದ್ದ. ಅವರ ಪತ್ನಿ ಮಿರಿಯಂ ವ್ಯಸನ ಚಿಕಿತ್ಸೆಯಲ್ಲಿ ಪರಿಣತಿ ಪಡೆದ ವೈದ್ಯೆ. ಟೆಲ್ ಅವೀವ್‌ನಲ್ಲೂ ಲಾಸ್ ವೇಗಸ್‌ನಲ್ಲೂ ಚಿಕಿತ್ಸಾಲಯ ನಡೆಸಿದವರು. ಮಗನನ್ನು ಕಳೆದುಕೊಂಡ ತಂದೆ, ರೋಗಿಗಳನ್ನು ದಿನವೂ ಕಂಡ ವೈದ್ಯೆ: ವಾತ್ಸ್ಯಾಯನನ ಎರಡೂ ಲಕ್ಷಣಗಳು ಇಲ್ಲಿ ಬಹುಮಟ್ಟಿಗೆ ಇವೆ. ಹೆರಾಯಿನ್, ಕೊಕೇನ್ ತಂದ ದುಃಖವನ್ನು ಗಾಂಜಾದ ಮೇಲೆ ಹಾಕಿದ್ದು ಸರಿಯೇ ಎಂದು ವಾದಿಸಬಹುದು, ವಾದಿಸಲೇಬೇಕು. ಆದರೆ ಆ ಹಣದ ಹಿಂದಿದ್ದದ್ದು ಸಂಕಟ, ಅದನ್ನು ಅವರು ಬಚ್ಚಿಡಲಿಲ್ಲ. ಚೆಕ್ ತಮ್ಮ ಹೆಸರಿನಲ್ಲೇ ಬರೆದರು.

ಧರ್ಮಪೀಠಗಳ ಹಣದ ಲೆಕ್ಕ ಇನ್ನೂ ಸೂಕ್ಷ್ಮ. 2016ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಗಾಂಜಾ ಸಕ್ರಮದ ಮತದಾನ ಹತ್ತಿರ ಬಂದಾಗ ಬಾಸ್ಟನ್ ಕ್ಯಾಥೊಲಿಕ್ ಆರ್ಚ್‌ಡಯಾಸಿಸ್ ವಿರೋಧಿ ಸಮಿತಿಗೆ 8 ಲಕ್ಷ 50 ಸಾವಿರ ಡಾಲರ್ ಕೊಟ್ಟಿತು. ಅದರ ನಿಲುವು ಹೊಸದೇನಲ್ಲ. ಚಿಕಿತ್ಸೆಗಲ್ಲದೆ ಮಾದಕ ವಸ್ತು ಬಳಸುವುದು ಗುರುತರ ತಪ್ಪೆಂದು ಆ ಚರ್ಚಿನ ಧರ್ಮಬೋಧೆಯಲ್ಲಿದೆ; 2014ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನಲ್ಲಿ ಇದೇ ಧಾಟಿಯಲ್ಲಿ ಮಾತಾಡಿದ್ದರು. ಲಾಭದ ಲೇಶವೂ ಇಲ್ಲದ ದೇಣಿಗೆ ಅದು. ಆದರೂ ಭಾನುವಾರದ ಕಾಣಿಕೆಯ ಬುಟ್ಟಿಗೆ ಹಾಕಿದ ಹಣವೇ ಚುನಾವಣೆಗೆ ಹೋಯಿತೇ ಎಂಬ ಪ್ರಶ್ನೆ ಎದ್ದಿತು. ಅಲ್ಲ, ಕೇಂದ್ರ ನಿಧಿಯಿಂದ ಕೊಟ್ಟದ್ದು ಎಂದು ಆಡಳಿತ ಉತ್ತರಿಸಿತು.

ಈ ಪ್ರಶ್ನೆ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಹೇಳಿದಳೆಂದು ಶರಣರ ಕಥೆ. ಅಕ್ಕಿ ಕದ್ದದ್ದಾಗಿರಲಿಲ್ಲ; ದಾಸೋಹಕ್ಕೇ ಬಳಕೆಯಾಗುವುದಿತ್ತು. ಆದರೂ ಎಲ್ಲಿಂದ, ಯಾವ ಮನಸ್ಸಿನಿಂದ ಬಂತೆಂದು ಅವಳು ಕೇಳಿದಳು. ಉದ್ದೇಶ ಪವಿತ್ರವಾಗಿದ್ದರೆ ಹಣದ ಮೂಲ ಕೇಳಬಾರದೆಂಬ ವಾದ ಆ ಮನೆಯಲ್ಲಿ ನಡೆಯಲಿಲ್ಲ. ಬಾಸ್ಟನ್‌ನ ಭಕ್ತರು ಕೇಳಿದ್ದೂ ಅದನ್ನೇ, ಕೇಳಿದ್ದು ಸರಿಯಾಗಿಯೇ ಇತ್ತು.

ಯೂಟಾ ರಾಜ್ಯದಲ್ಲಿ ಮಾರ್ಮನ್ ಚರ್ಚ್ ಹಿಡಿದದ್ದು ಬೇರೆ ದಾರಿ. 1833ರಿಂದ ಮದ್ಯ, ತಂಬಾಕು, ಚಹಾ, ಕಾಫಿಗಳನ್ನು ದೂರವಿಡಲು ಬೋಧಿಸಿದ ಚರ್ಚ್ ಅದು. 2018ರ ವೈದ್ಯಕೀಯ ಗಾಂಜಾ ಪ್ರಸ್ತಾವವನ್ನು ಅದು ಬಹಿರಂಗವಾಗಿ ವಿರೋಧಿಸಿತು, ಸದಸ್ಯರಿಗೆ ಇಮೇಲ್ ಕಳುಹಿಸಿತು. ಮತದಾನಕ್ಕೆ ತಿಂಗಳು ಮೊದಲೇ ಪ್ರಸ್ತಾವದ ಬೆಂಬಲಿಗರ ಜೊತೆ ಕೂತು ರಾಜಿ ಮಾಡಿಕೊಂಡಿತು. ಜನ ಪ್ರಸ್ತಾವವನ್ನು ಗೆಲ್ಲಿಸಿದರು. ಡಿಸೆಂಬರ್ 3ರಂದು ಶಾಸಕಾಂಗ ವಿಶೇಷ ಅಧಿವೇಶನದಲ್ಲಿ ಅದರ ಜಾಗಕ್ಕೆ ರಾಜಿಯ ಕಾಯ್ದೆಯನ್ನು ತಂದಿಟ್ಟಿತು. ಜನರ ಮತವನ್ನು ಮೀರಿದ ರಾಜಿ ಎಂದು ಅದನ್ನು ಟೀಕಿಸಿದವರಿದ್ದಾರೆ. ಆ ಟೀಕೆಯಲ್ಲಿ ಸತ್ಯವಿದೆ. ಆದರೂ ಚರ್ಚಿನ ಕೈ ಎಲ್ಲರಿಗೂ ಕಾಣುವಂತಿತ್ತು. ಯಾರ ಒತ್ತಾಯ, ಯಾವ ನಂಬಿಕೆಯಿಂದ ಎಂಬುದು ಗುಟ್ಟಾಗಿರಲಿಲ್ಲ.

ಕುರುಕ್ಷೇತ್ರದಲ್ಲಿ ಯುದ್ಧ ಆರಂಭವಾಗುವ ಮುನ್ನ ಧರ್ಮರಾಯ ಆಯುಧ ಕೆಳಗಿಟ್ಟು ಭೀಷ್ಮನ ಬಳಿ ನಡೆದು ಬರುತ್ತಾನೆ. ಭೀಷ್ಮ ಅವನನ್ನು ಹರಸುತ್ತಾನೆ, ಗೆಲುವು ನಿನ್ನದಾಗಲಿ ಎನ್ನುತ್ತಾನೆ; ಕೌರವರ ಸಂಪತ್ತಿಗೆ ಕಟ್ಟುಬಿದ್ದಿದ್ದೇನೆ, ಅವರ ಪರ ಕಾದಲೇಬೇಕು ಎಂದೂ ಹೇಳುತ್ತಾನೆ. ದ್ರೋಣ, ಕೃಪ, ಶಲ್ಯರೂ ಅದನ್ನೇ ಹೇಳುತ್ತಾರೆ. ಉಂಡ ಮನೆಯ ಋಣಕ್ಕಾಗಿ ಅಧರ್ಮದ ಪರ ನಿಂತದ್ದನ್ನು ಯಾವ ವ್ಯಾಖ್ಯಾನವೂ ಪೂರ್ತಿ ಕ್ಷಮಿಸಲಾರದು. ಆದರೆ ಎದುರಾಳಿಯ ಮುಂದೆಯೇ ಅದನ್ನು ಒಪ್ಪಿಕೊಂಡ ಭೀಷ್ಮನಿಗೂ, ಮಕ್ಕಳ ಹೆಸರು ಮುಂದಿಟ್ಟು ಮಾರುಕಟ್ಟೆಯ ಲೆಕ್ಕವನ್ನು ಹಿಂದಿಟ್ಟುಕೊಂಡ ಕಂಪನಿಗೂ ಅಗಾಧ ಅಂತರವಿದೆ.

ಮದ್ಯದ ಕಂಪನಿ, ಖಾಸಗಿ ಜೈಲು, ಔಷಧೋದ್ಯಮ ಸೇರಿ ಗಾಂಜಾವನ್ನು ಹತ್ತಿಕ್ಕುತ್ತಿವೆ ಎಂಬ ಮಾತು ಗಾಂಜಾ ಪರ ವಲಯದಲ್ಲಿ ಸಾಮಾನ್ಯ. ದಾಖಲೆ ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗಾಂಜಾ ಸಕ್ರಮದ ಪ್ರಸ್ತಾವ ಮತಕ್ಕೆ ಬಂದಾಗ ಅಲ್ಲಿನ ಬಿಯರ್ ವಿತರಕರ ಸಂಘ ವಿರೋಧಿ ಸಮಿತಿಗೆ ಕೊಟ್ಟದ್ದು 10 ಸಾವಿರ ಡಾಲರ್. ಅಡೆಲ್ಸನ್‌ರ ಚೆಕ್‌ಗಳ ಮುಂದೆ ಅದು ಏನೂ ಅಲ್ಲ. ಮಾದಕ ವಸ್ತುಗಳ ಕಾನೂನು ಸಡಿಲವಾದರೆ ಕೈದಿಗಳ ಸಂಖ್ಯೆ ಇಳಿಯಬಹುದು ಎಂದು ಖಾಸಗಿ ಜೈಲು ಕಂಪನಿಯೊಂದು ಹೂಡಿಕೆದಾರರಿಗೆ ಬರೆದದ್ದು ನಿಜ. ಆದರೆ ನಷ್ಟದ ಭಯ ಇರುವುದು ಬೇರೆ, ಹಣ ಸುರಿಯುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದು ಸಾಬೀತಾಯಿತೆನ್ನುವುದು ಅನ್ಯಾಯ. ಅದೇ 2010ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗಾಂಜಾ ಬೆಳೆಗೇ ಹೆಸರಾದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಕೌಂಟಿಗಳು ಸಕ್ರಮಕ್ಕೆ ವಿರುದ್ಧವಾಗಿ ಮತ ಹಾಕಿದವು. ಕಾನೂನು ಬಂದರೆ ಬೆಲೆ ಕುಸಿಯುತ್ತದೆ, ದೊಡ್ಡ ಕಂಪನಿಗಳು ಬರುತ್ತವೆ ಎಂಬ ಭಯ ಅಲ್ಲಿನ ಬೆಳೆಗಾರರಲ್ಲಿತ್ತು. ಗಾಂಜಾದಿಂದಲೇ ಬದುಕುವವರೂ ಗಾಂಜಾ ವಿರೋಧಿಗಳ ಜೊತೆ ನಿಂತರು.

ಪರ ಪಾಳಯದ ಹಣವೂ ಪ್ರಶ್ನೆಗೆ ಹೊರತಲ್ಲ. ಓಹಾಯೋದಲ್ಲಿ 2015ರಲ್ಲಿ ಬಂದ ಪ್ರಸ್ತಾವಕ್ಕೆ ಹಣ ಹಾಕಿದ ಹೂಡಿಕೆದಾರರು ವಾಣಿಜ್ಯ ಬೆಳೆಯ ಹಕ್ಕನ್ನು ತಮ್ಮ ಹತ್ತು ಜಮೀನುಗಳಿಗೆ ಮೀಸಲಿಡುವ ಷರತ್ತನ್ನು ಸಂವಿಧಾನದೊಳಗೇ ಬರೆಯಲು ಹೊರಟಿದ್ದರು. ಜನ ಭಾರೀ ಅಂತರದಲ್ಲಿ ಸೋಲಿಸಿದರು. ಫ್ಲೋರಿಡಾದಲ್ಲಿ 2024ರ ತಿದ್ದುಪಡಿಯ ಪರವಾಗಿ ಗಾಂಜಾ ಕಂಪನಿ ಟ್ರೂಲೀವ್ ಒಂದೇ 10 ಕೋಟಿ ಡಾಲರ್‌ಗೂ ಹೆಚ್ಚು ಸುರಿಯಿತು. ಸ್ವಾತಂತ್ರ್ಯದ ಮಾತಾಡಿದ ಆ ಜಾಹೀರಾತುಗಳ ಹಿಂದೆಯೂ ಮಾರುಕಟ್ಟೆಯಿತ್ತು.

ಆದರೆ ಆ ಫ್ಲೋರಿಡಾ ಚುನಾವಣೆಯಲ್ಲಿ ವಿರೋಧಿ ಪಾಳಯಕ್ಕೆ ಹಣ ಬಂದ ದಾರಿ ಎಲ್ಲಕ್ಕಿಂತ ಕಳವಳಕಾರಿ. ಹೂಡಿಕೆದಾರ ಕೆನ್ ಗ್ರಿಫಿನ್ 1 ಕೋಟಿ 20 ಲಕ್ಷ ಡಾಲರ್ ಕೊಟ್ಟರು, ಹೆಸರು ಹೇಳಿಯೇ ಕೊಟ್ಟರು, ಅದರಲ್ಲಿ ಗುಟ್ಟೇನಿಲ್ಲ. ಇನ್ನೊಂದು ಹಣ ಬೇರೆ. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ಗುತ್ತಿಗೆದಾರ ಸೆಂಟೀನ್ ಕಂಪನಿ ರಾಜ್ಯದ ಜೊತೆ 6 ಕೋಟಿ 70 ಲಕ್ಷ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಅದರಲ್ಲಿ 1 ಕೋಟಿ ಡಾಲರ್, ರಾಜ್ಯಪಾಲ ಡಿಸಾಂಟಿಸ್ ಅವರ ಪತ್ನಿ ಮುನ್ನಡೆಸಿದ ಹೋಪ್ ಫ್ಲೋರಿಡಾ ಕಾರ್ಯಕ್ರಮದ ಪ್ರತಿಷ್ಠಾನಕ್ಕೆ ಹೋಯಿತು. ಪ್ರತಿಷ್ಠಾನ ಎರಡು ಸಂಸ್ಥೆಗಳಿಗೆ ತಲಾ 50 ಲಕ್ಷ ಕೊಟ್ಟಿತು. ಆ ಸಂಸ್ಥೆಗಳಿಂದ ಸುಮಾರು 85 ಲಕ್ಷ ಡಾಲರ್ ಗಾಂಜಾ ವಿರೋಧಿ ಚುನಾವಣಾ ಸಮಿತಿಗೆ ಸೇರಿತು. ಆ ಸಮಿತಿಯ ನೇತೃತ್ವದಲ್ಲಿದ್ದವರು ಆಗ ರಾಜ್ಯಪಾಲರ ಸಿಬ್ಬಂದಿ ಮುಖ್ಯಸ್ಥರಾಗಿದ್ದ ಜೇಮ್ಸ್ ಉಥ್‌ಮೈಯರ್. ತಿದ್ದುಪಡಿಗೆ ಶೇ 56ರ ಹತ್ತಿರ ಮತ ಬಂತು. ಶೇ 60 ಆಗದೆ ಸೋತಿತು. ಎಲ್ಲವೂ ಕಾನೂನಿನಂತೆಯೇ ನಡೆದಿದೆ, ತಪ್ಪೇನಿಲ್ಲ ಎಂದು ರಾಜ್ಯಪಾಲರೂ ಉಥ್‌ಮೈಯರ್ ಅವರೂ ಹೇಳಿದ್ದಾರೆ. 2025ರಲ್ಲಿ ಅವರದೇ ಪಕ್ಷದ ಶಾಸಕರು ಇದನ್ನು ಕೆದಕಿದರು, ಸರ್ಕಾರಿ ವಕೀಲರು ತನಿಖೆ ಕೈಗೆತ್ತಿಕೊಂಡರು. ಕಾನೂನಿನ ತೀರ್ಪು ಏನೇ ಬರಲಿ, ಮತದಾರನಿಗಾದ ನಷ್ಟ ಮಾತ್ರ ಸ್ಪಷ್ಟ. ರಾಜ್ಯದ ಬೊಕ್ಕಸಕ್ಕೆ ಸಲ್ಲಬೇಕಿತ್ತೆಂದು ಹಲವು ಶಾಸಕರು ವಾದಿಸಿದ ಹಣ, ಅಂದರೆ ಅವನದೇ ಹಣ, ಅವನ ಮತವನ್ನು ತಿರುಗಿಸಲು ದುಡಿಯಿತು. ಮತ ಹಾಕುವ ಹೊತ್ತಿಗೆ ಅದು ಅವನಿಗೆ ಗೊತ್ತಿರಲಿಲ್ಲ.

ಕೊಟ್ಟವರ ಹೆಸರೆಲ್ಲ ಬಹಿರಂಗವಾಗಬೇಕು ಎನ್ನುವುದಕ್ಕೂ ಗಟ್ಟಿಯಾದ ಆಕ್ಷೇಪವಿದೆ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ತನ್ನ ಸದಸ್ಯರ ಪಟ್ಟಿ ಕೊಡಬೇಕೆಂದು ಅಲಬಾಮಾ ಸರ್ಕಾರ ಪಟ್ಟು ಹಿಡಿದಿತ್ತು. 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಡಬೇಕಿಲ್ಲ ಎಂದು ಒಮ್ಮತದಿಂದ ಹೇಳಿತು. ಅಂದು ಪಟ್ಟಿ ಹೊರಬಿದ್ದಿದ್ದರೆ ಜನ ಕೆಲಸ ಕಳೆದುಕೊಳ್ಳುತ್ತಿದ್ದರು, ಏಟು ತಿನ್ನುತ್ತಿದ್ದರು. ದುರ್ಬಲನಿಗೆ ಗುಟ್ಟು ರಕ್ಷಣೆ. ಆದರೆ ಆ ರಕ್ಷಣೆಯನ್ನು ಔಷಧ ಕಂಪನಿಗೂ ಆಳುವವರ ಕಚೇರಿಗೂ ಹಾಸಿಕೊಡುವುದು ಅದರ ಆಶಯಕ್ಕೇ ದ್ರೋಹ. ನಮ್ಮ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಮಾಡಿದಾಗ ಆಧಾರವಾಗಿಟ್ಟುಕೊಂಡದ್ದು ತಿಳಿಯುವ ಹಕ್ಕನ್ನೇ. ಪಕ್ಷಕ್ಕೆ ಹಣ ಕೊಟ್ಟವರು ಯಾರೆಂದು ಅರಿಯದ ಮತದಾರ ಆ ಪಕ್ಷದ ಮಾತನ್ನು ಹೇಗೆ ತೂಗಬಲ್ಲ?

ಹಿತಾಸಕ್ತಿ ಇದ್ದವರ ಬಾಯಿಂದ ಸತ್ಯ ಬರುವುದೇ ಇಲ್ಲವೆನ್ನುವವರು ಒಮ್ಮೆ 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್‌ನ ಸಂಪುಟಗಳನ್ನು ತೆರೆದು ನೋಡಬೇಕು. ಭಾರತದ ಗಾಂಜಾ ಬಗ್ಗೆ ವಿಚಾರಣೆಯಾಗಬೇಕೆಂಬ ಬೇಡಿಕೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದಿತು. ವಿಚಾರಣೆ ನಡೆಸಬೇಕಾದದ್ದು ಭಾರತ ಸರ್ಕಾರ. ಗಾಂಜಾ ತೆರಿಗೆಯಿಂದ ಹಣ ಗಳಿಸುತ್ತಿದ್ದುದೂ ಅದೇ ಸರ್ಕಾರ. ತನ್ನ ವರಮಾನದ ಬಗ್ಗೆ ತಾನೇ ತೀರ್ಪು ಹೇಳುವ ಸ್ಥಿತಿ. ಆಯೋಗ ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತ್ಯವೂ ಸೇರಿದಂತೆ ದೇಶದ ಉದ್ದಗಲಕ್ಕೂ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು: ವೈದ್ಯರು, ಪಾದ್ರಿಗಳು, ಅಧಿಕಾರಿಗಳು, ಬೆಳೆಗಾರರು, ಗುತ್ತಿಗೆದಾರರು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ಹತೋಟಿಯಲ್ಲಿಟ್ಟು ತೆರಿಗೆ ಹಾಕುವುದೇ ಸರಿ ಎಂದು ಆಯೋಗ ವರದಿ ಕೊಟ್ಟಿತು. ಸರ್ಕಾರಕ್ಕೆ ಅನುಕೂಲವಾದ ತೀರ್ಮಾನವೇ. ಆದರೂ ನೂರು ವರ್ಷಕ್ಕೂ ಮಿಕ್ಕಿ ಸಂಶೋಧಕರು ಅದನ್ನು ಓದುತ್ತಲೇ ಬಂದಿದ್ದಾರೆ. ಕಾರಣ, ಸಾಕ್ಷ್ಯವೆಲ್ಲ ಅಲ್ಲೇ ಮುದ್ರಿತವಾಗಿದೆ. ಬೇಕಾದವರು ತಾವೇ ಓದಿ ಬೇರೆ ತೀರ್ಮಾನಕ್ಕೆ ಬರಬಹುದು.

ಆ ವರದಿಯ ಅನುಬಂಧದಲ್ಲಿ ಭಂಗಿಯ, ಅಂದರೆ ಗಾಂಜಾ ಗಿಡದ, ಧರ್ಮವನ್ನು ಕುರಿತ ಒಂದು ಟಿಪ್ಪಣಿಯಿದೆ. ಶಿವನಿಗೂ ಭಂಗಿಗೂ ಇರುವ ನಂಟು, ಕುಡಿಯುವ ಭಕ್ತನಿಗೆ ಅದರಲ್ಲಿ ಕಾಣುವ ಪಾವಿತ್ರ್ಯ, ಅದನ್ನು ನಿಷೇಧಿಸಿದರೆ ಜನಮನಕ್ಕಾಗುವ ನೋವು ಇವನ್ನೆಲ್ಲ ಒಬ್ಬ ಭಕ್ತನಷ್ಟೇ ಆಸ್ಥೆಯಿಂದ ಬರೆದವರು ಜೆ. ಎಂ. ಕ್ಯಾಂಪ್‌ಬೆಲ್ ಎಂಬ ಬ್ರಿಟಿಷ್ ಅಧಿಕಾರಿ. ಹೆಸರಿನ ಜೊತೆಗೇ ಅವರ ಹುದ್ದೆಯೂ ಅಚ್ಚಾಗಿದೆ: ಮುಂಬಯಿಯ ಭೂಕಂದಾಯ, ಸುಂಕ ಮತ್ತು ಅಫೀಮು ಕಲೆಕ್ಟರ್.